ಹೋಗ!

ಆಳಂದದ ರೇವಣಸಿದ್ಧ ಮಹಾರಾಷ್ಟ್ರದ ವಾಳೂಜಿನ ಕಾರ್ಖಾನೆಗೆ ಬಂದು ಹದಿನೆಂಟು ವರ್ಷ. ಮರಾಠಿ ಸಲೀಸು, ಸಿಟ್ಟು ಮಾತ್ರ ಕನ್ನಡದಲ್ಲೇ ಬರುತ್ತಿತ್ತು. ಖಾತೆ ಬರಿದಾದರೂ ಕಾರ್ಡ್ ನಡೆಯುವ ಓವರ್‌ಡ್ರಾಫ್ಟ್ ಬೇಕೇ ಎಂದು ಬ್ಯಾಂಕಿನ ಮರಾಠಿ ಹುಡುಗಿ ದಿನಾ ಫೋನಿನಲ್ಲಿ ಪೀಡಿಸುತ್ತಿದ್ದಳು. ಒಂದು ದಿನ ತಲೆಕೆಟ್ಟು "ಹೋಗ!" ಎಂದು ಫೋನ್ ಕುಕ್ಕಿದ.

ಮರುದಿನವೇ ಓವರ್‌ಡ್ರಾಫ್ಟ್ ಚಾಲೂ ಆಯಿತೆಂದು ಮೆಸೇಜು. ಬ್ಯಾಂಕಿಗೆ ಓಡಿದರೆ ಮ್ಯಾನೇಜರ್ ಸಾಹೇಬರು ಫೋನಿನಲ್ಲಿ ರೆಕಾರ್ಡ್ ಆದ ಅವನದೇ ದನಿ ಕೇಳಿಸಿದರು. ಮರಾಠಿಯಲ್ಲಿ "ಹೋ ಗ" ಎಂದರೆ "ಹೂಂನವ್ವಾ" ಎಂದು!

"ಅದು ಕನ್ನಡ ರೀ ಸಾಹೇಬ್ರ, ಬೈದದ್ದು!"

"ಬಂದ್ ಮಾಡಬೇಕಾದರೂ ಅವಳೇ ಫೋನ್ ಮಾಡುತ್ತಾಳೆ. ಅವಳಿಗೇ ಹೇಳಿ."

ಸಂಜೆ ಫೋನ್ ಬಂತು. "ಕಾಕಾ, ಓವರ್‌ಡ್ರಾಫ್ಟ್ ಹಾಗೇ ಇರಲಿ ಅಲ್ವಾ?"

ಸಿಟ್ಟು ನೆತ್ತಿಗೇರಿತು. ರೇವಣಸಿದ್ಧ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದರಿಂದ ತನ್ನ ಬಾಯಿಯನ್ನೇ ಗಟ್ಟಿಯಾಗಿ ಮುಚ್ಚಿಕೊಂಡ.