ಡೀಸೆಲ್ ಎಳೆದ ಉಪ್ಪಿನಕಾಯಿ ಜಾಡಿ

ನಾನು ಚಿಕ್ಕವನಿದ್ದಾಗ ಡೀಸೆಲ್ ವಾಸನೆಯ ಬೆಲ್ಲ ತಿಂದಿದ್ದೇನೆ ಎಂದರೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ಆದರೆ ಆಗ ನನಗೆ ಅದಕ್ಕಿಂತ ರುಚಿಯಾದದ್ದು ಇನ್ನೊಂದಿರಲಿಲ್ಲ. ಅಪ್ಪ ತನ್ನ ಕಪ್ಪು ಬೆರಳುಗಳಿಂದ ಬೆಲ್ಲದ ಅಚ್ಚಿನ ತುದಿ ಮುರಿದು, ದೊಡ್ಡ ಚೂರನ್ನು ತನ್ನ ಬಾಯಿಗೆ ಹಾಕಿಕೊಂಡು, ಸಣ್ಣದನ್ನು ನನ್ನ ಅಂಗೈಗೆ ಇಡುತ್ತಿದ್ದ. ಮೊದಲು ಡೀಸೆಲ್ಲಿನ ಒಗರು, ಆಮೇಲೆ ಸಿಹಿ. ಆ ಬೆಲ್ಲ ಯಾಕೆ ಬೇಕಾಗುತ್ತಿತ್ತು ಎಂಬುದನ್ನು ಹೇಳಬೇಕು. ಹೇಳುವಾಗ ಅಲ್ಲಲ್ಲಿ ತಡೆದು ನಿಲ್ಲುತ್ತೇನೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಚನ್ನಗಿರಿಯ ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ, ಅಡಿಕೆ ಮಂಡಿಗಳ ಸಾಲು ಮುಗಿಯುವಲ್ಲಿ ಅಪ್ಪನ ತಗಡಿನ ಶೆಡ್ಡು ಇತ್ತು. ಪಂಪ್‌ಸೆಟ್ಟು, ಗದ್ದೆ ಉಳುವ ಟಿಲ್ಲರು, ಡೀಸೆಲ್ ಎಂಜಿನ್ನು, ಏನು ಕೆಟ್ಟರೂ ಅಲ್ಲಿಗೆ ಬರುತ್ತಿತ್ತು. ಹೊನ್ನಾಳಿ, ನ್ಯಾಮತಿ ಕಡೆಯವರೂ ಬರುತ್ತಿದ್ದರು, ಅಪರೂಪಕ್ಕೆ ಜಗಳೂರಿನವರೂ. ಜಗಳೂರಿನ ಎಂಜಿನ್ನು ಬಿಚ್ಚಿದರೆ ಒಳಗೆ ಕೆಂಪು ಧೂಳು, ಸೂಳೆಕೆರೆ ಕಡೆಯದನ್ನು ಬಿಚ್ಚಿದರೆ ಕಪ್ಪು ಕೆಸರು. ಮಧ್ಯಾಹ್ನ ತಗಡು ಕಾದಾಗ ಗ್ರೀಸು, ಸುಟ್ಟ ಎಣ್ಣೆ, ಬೇಯಿಸಿದ ಅಡಿಕೆ, ಎಲ್ಲ ವಾಸನೆಯೂ ಒಂದಾಗಿ ತಲೆ ಸುತ್ತುವಂತಾಗುತ್ತಿತ್ತು.

ಎಂಜಿನ್ನು ಬಿಚ್ಚುವ ಮೊದಲು ಅದರ ಹಳೆಯ ಎಣ್ಣೆಯನ್ನೋ, ಟ್ಯಾಂಕಿನಲ್ಲಿ ನೀರು ಸೇರಿ ಕೆಟ್ಟ ಡೀಸೆಲ್ಲನ್ನೋ ಖಾಲಿ ಮಾಡಬೇಕು. ಅದಕ್ಕೆಂದೇ ತಳದಲ್ಲಿ ಬೋಲ್ಟು ಇರುತ್ತದೆ. ಆದರೆ ನಮ್ಮಲ್ಲಿಗೆ ಬರುವ ಹೊತ್ತಿಗೆ ಊರಿನವರೆಲ್ಲ ಅದನ್ನು ತಿರುಚಿ ನೋಡಿ, ಅದರ ಮೂಲೆಗಳು ಸವೆದು ಗುಂಡಗಾಗಿರುತ್ತಿದ್ದವು. ಆಗ ಮೇಲಿನಿಂದ ರಬ್ಬರ್ ಪೈಪು ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಎಳೆಯುತ್ತಿದ್ದರು. ಒಳಗಿನದು ತುಟಿಗೆ ತಾಗುವ ಮುಂಚೆಯೇ ಪೈಪನ್ನು ಬಕೆಟ್ಟಿಗೆ ಬಗ್ಗಿಸಬೇಕು. ಸ್ವಲ್ಪ ತಪ್ಪಿದರೂ ಬಾಯಿ ತುಂಬ ಡೀಸೆಲ್. ಇದಕ್ಕೆ ‘ಬಾಯಿ ಹಾಕೋದು’ ಎನ್ನುತ್ತಿದ್ದರು. ಬಾಯಿ ಹಾಕಲು ಹೇಸುವವನನ್ನು ನಮ್ಮ ಕಡೆ ಯಾರೂ ಮೇಸ್ತ್ರಿ ಎಂದು ಕರೆಯುತ್ತಿರಲಿಲ್ಲ. ಬಾಯಿ ಹಾಕಿದ ಮೇಲೆ ಬೆಲ್ಲ. ಬೆಲ್ಲ ತಿಂದರೆ ಗಂಟಲಲ್ಲಿ, ಎದೆಯಲ್ಲಿ ಕೂತದ್ದೆಲ್ಲ ಕರಗಿ ಇಳಿದುಹೋಗುತ್ತದೆ ಎಂದು ಅಪ್ಪ ನಂಬಿದ್ದ, ಅಮ್ಮನೂ ನಂಬಿದ್ದಳು. ಅಮ್ಮ ಊಟದ ಬುತ್ತಿಯ ಜೊತೆ ದಿನವೂ ಒಂದು ಅಚ್ಚು ಕಟ್ಟಿಕೊಡುತ್ತಿದ್ದಳು.

ಆ ವರ್ಷ ಅಪ್ಪನ ಕೆಮ್ಮು ಬಿಡಲಿಲ್ಲ. ಮೆಟ್ಟಿಲು ಹತ್ತಿದರೆ ಎದೆಯೊಳಗೆ ಸಿಳ್ಳೆ ಹಾಕಿದಂತಾಗುತ್ತಿತ್ತು. ಡಾಕ್ಟರು ಅಪ್ಪನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಇನ್ನೊಂದು ಸಲ ಡೀಸೆಲ್ ಎದೆಗೆ ಇಳಿದರೆ ಉಳಿಯುವುದು ಕಷ್ಟ ಎಂದು ಹೇಳಿ ಕಳಿಸಿದರು. ಅಪ್ಪ ತಲೆಯಾಡಿಸಿದ. ಬರುವ ದಾರಿಯಲ್ಲಿ ಕಿರಾಣಿ ಅಂಗಡಿಗೆ ನುಗ್ಗಿ ಎಂದಿಗಿಂತ ದೊಡ್ಡ ಅಚ್ಚು ಬೆಲ್ಲ ಕೊಂಡ. ಅಕ್ಕ ಅದನ್ನು ನೋಡಿದಳು. ಅವಳು ಆಗ ಹೈಸ್ಕೂಲಿನಲ್ಲಿದ್ದಳು. ಮರುದಿನ ಸೈಕಲ್ ಅಂಗಡಿಯವರು ಮೂಲೆಗೆ ಎಸೆದಿದ್ದ ಹಳೆಯ ಪಂಪೊಂದನ್ನು ಕೇಳಿ ತಂದಳು.

ಪಂಪಿನೊಳಗೆ ಬಟ್ಟಲಿನಂಥ ಒಂದು ಚರ್ಮದ ವಾಶರ್ ಇರುತ್ತದೆ. ಅದನ್ನು ತಿರುಗಿಸಿ ಕೂರಿಸಿದರೆ ಪಂಪು ಗಾಳಿ ಹಾಕುವ ಬದಲು ಗಾಳಿ ಎಳೆಯುತ್ತದೆ. ಎಳೆದ ಗಾಳಿ ಹಿಂದಕ್ಕೆ ಹೋಗದಂತೆ ಅಕ್ಕ ಮಧ್ಯದಲ್ಲಿ ಸೈಕಲ್ ಟ್ಯೂಬಿನ ವಾಲ್ವು ಸೇರಿಸಿದಳು. ಒಂದು ದುಂಡನೆಯ ತಗಡಿನ ಡಬ್ಬ, ಅದರ ಬಾಯಿಗೆ ಲಾರಿ ಟ್ಯೂಬಿನ ರಬ್ಬರ್ ಹೊದಿಸಿದ ಹಲಗೆ, ಹಲಗೆಯಲ್ಲಿ ಎರಡು ತೂತು. ಒಂದು ತೂತಿನಿಂದ ಪಂಪಿಗೆ ಪೈಪು, ಇನ್ನೊಂದರಿಂದ ಕೆಟ್ಟ ಎಂಜಿನ್ನಿಗೆ ಪೈಪು. ಡಬ್ಬದ ಗಾಳಿಯನ್ನು ಪಂಪು ಎಳೆದರೆ, ಎಂಜಿನ್ನಿನೊಳಗಿನದು ಡಬ್ಬಕ್ಕೆ ಬಂದು ಬೀಳಬೇಕು. ಯಾರ ಬಾಯಿಯೂ ಬೇಡ.

ಅದನ್ನು ಮೊದಲ ಸಲ ಹಚ್ಚಿದ ದಿನ ಕೆರೆಬಿಳಚಿ ಮಾವ ಬಂದಿದ್ದ. ನಮ್ಮ ನೆಂಟನಲ್ಲ, ಕೆರೆಬಿಳಚಿ ಊರಿನವನು, ಅಪ್ಪನ ಹಳೆಯ ಗಿರಾಕಿ; ನಾವು ಹಾಗೆ ಕರೆಯುತ್ತಿದ್ದೆವು. ಅವನ ಟಿಲ್ಲರು ಏರಿಯಿಂದ ಜಾರಿ ಕಾಲುವೆಗೆ ಬಿದ್ದಿತ್ತು. ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಬಂದಿದ್ದ. ಟ್ಯಾಂಕಿನ ತುಂಬ ಡೀಸೆಲ್ಲೂ ಕೆಸರು ನೀರೂ ಕೂಡಿ ಚಹಾದ ಬಣ್ಣಕ್ಕೆ ತಿರುಗಿತ್ತು. ತಳದ ಬೋಲ್ಟು ಎಂದಿನಂತೆ ಗುಂಡಗೆ.

“ಏನ್ ಮೇಸ್ತ್ರಿ, ಅಂಗಡಿ ಮಗಳಿಗೆ ಬರಕೊಟ್ಟೆ ಏನು?” ಎಂದ ಮಾವ. “ಕಾಲುವೆ ನೀರು ನಿಂತ್ರೆ ನನ್ನ ಗದ್ದೆ ಹಂಗೇ ಬೀಳ್ತೈತೆ. ಬೇಗ ಬಾಯಿ ಹಾಕು.”

“ಕೂರ್ರಿ, ಚಾ ಕುಡೀರಿ. ಹುಡುಗಿ ಏನೋ ಮಾಡಾಕ್ ಹತ್ತೈತೆ, ನೋಡಾಣ,” ಎಂದ ಅಪ್ಪ.

ಅಕ್ಕ ಪಂಪು ಎಳೆದಳು. ಪೈಪಿನಲ್ಲಿ ಕೆಸರು ಸ್ವಲ್ಪ ಮೇಲೇರಿತು, ನಿಂತಿತು. ಅವಳು ಇನ್ನೂ ಜೋರಾಗಿ ಎಳೆದಳು. ಡಬಕ್ ಎಂದು ಸದ್ದಾಗಿ, ಯಾರೂ ಮುಟ್ಟದ ಡಬ್ಬ ಕಣ್ಣೆದುರೇ ಒಳಕ್ಕೆ ಕುಸಿದು ಮುದ್ದೆಯಾಯಿತು.

ಇಲ್ಲಿ ನಾನು ಮೊದಲ ಸಲ ತಡೆಯಬೇಕು. ಆ ಡಬ್ಬ ಕುಸಿದದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಮುಂದೆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗ, ನಮ್ಮ ಮೇಷ್ಟ್ರೊಬ್ಬರು ತಗಡಿನ ಡಬ್ಬದಲ್ಲಿ ನೀರು ಕುದಿಸಿ, ಬಾಯಿ ಮುಚ್ಚಿ, ಮೇಲೆ ತಣ್ಣೀರು ಸುರಿದು ಅದನ್ನು ಹೀಗೆಯೇ ಕುಸಿಯುವಂತೆ ಮಾಡಿ ತೋರಿಸಿದ್ದರು. ಈಗ ಕಣ್ಣು ಮುಚ್ಚಿದರೆ ಕಾಣುವುದು ಯಾವ ಡಬ್ಬ? ಅಕ್ಕನನ್ನು ಕೇಳಿದೆ. ಕುಸಿದದ್ದು ನಿಜ, ಆದರೆ ಸದ್ದು ಅಷ್ಟು ದೊಡ್ಡದಿರಲಿಲ್ಲ ಎಂದಳು. ಹಾಗಾದರೆ ಸದ್ದು ಮೇಷ್ಟ್ರ ಡಬ್ಬದ್ದೇ ಇರಬೇಕು.

ಮಾವ ನಕ್ಕದ್ದು ಮಾತ್ರ ನಮ್ಮಿಬ್ಬರಿಗೂ ನೆನಪಿದೆ. “ಡಬ್ಬದ ಹೊಟ್ಟೆ ಒಳಕ್ಕೆ ಹೋತಲ್ಲವ್ವ. ಉಪವಾಸ ಇತ್ತೇನು?”

“ಹೊರಗಿನ ಗಾಳಿ ಒತ್ತೈತೆ ಮಾವ. ತಗಡು ತೆಳು. ದಪ್ಪಂದು ಬೇಕು.”

“ಗಾಳಿ ಒತ್ತೈತಂತೆ. ನಾನೂ ಇಲ್ಲೇ ನಿಂತೀನಿ, ನನ್ನ ಯಾಕೆ ಒತ್ತಲಿಲ್ಲ?”

ಅಪ್ಪನೂ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಅಕ್ಕ ಹಲಗೆಯನ್ನು ನನ್ನ ಕೈಗೆ ಕೊಟ್ಟು, ಮನೆಯ ಉಪ್ಪಿನಕಾಯಿ ಜಾಡಿ ತರುತ್ತೇನೆ ಎಂದಳು. ಹೊರಗೆ ಹೆಜ್ಜೆ ಇಟ್ಟವಳು ತಿರುಗಿ, “ಅಪ್ಪ, ನಾ ಬರಗಂಟ ಪೈಪು ಮುಟ್ಟಬ್ಯಾಡ,” ಎಂದಳು. “ಇಲ್ಲ, ಹೋಗವ್ವ,” ಎಂದ ಅಪ್ಪ.

ಪಿಂಗಾಣಿಯ ಆ ಜಾಡಿ ಅಮ್ಮ ತವರಿನಿಂದ ತಂದದ್ದು. ಗೋಡೆಯಂತೆ ದಪ್ಪ. ಅಕ್ಕ ಕೇಳಿದಾಗ ಅಮ್ಮ ವರ್ಷದ ಮಾವಿನಕಾಯಿಯನ್ನೆಲ್ಲ ಅಡುಗೆಯ ಪಾತ್ರೆಗಳಿಗೆ ಸುರಿದಳಂತೆ. ಆದರೆ ಜಾಡಿಯ ಬಾಯಿಗೆ ಎಣ್ಣೆ ಮೆತ್ತಿತ್ತು. ಎಣ್ಣೆಯಿದ್ದರೆ ರಬ್ಬರ್ ಜಾರುತ್ತದೆ, ಗಾಳಿ ನುಗ್ಗುತ್ತದೆ. ತಾಯಿ ಮಗಳು ಇಬ್ಬರೂ ಕೂತು ಸೀಗೆಪುಡಿ ಹಾಕಿ ಉಜ್ಜಿದರು, ಒರೆಸಿದರು, ಮತ್ತೆ ಉಜ್ಜಿದರು.

ಅಷ್ಟರಲ್ಲಿ ಇತ್ತ ಮಾವ ಚಹಾ ಮುಗಿಸಿ ಎದ್ದಿದ್ದ. “ಹೊನ್ನಾಳಿಯಾಗೆ ಒಬ್ಬ ಮೇಸ್ತ್ರಿ ಅದಾನೆ, ಬಾಯಿ ಹಾಕಾಕೆ ಹೆದರಲ್ಲ. ಗಾಡಿ ಆ ಕಡೆ ಹೊಡೀಲೇನು?” ಎಂದ. ಅವನು ಕೆಟ್ಟವನಲ್ಲ. ಡಾಕ್ಟರು ಹೇಳಿದ್ದು ಅವನಿಗೆ ಗೊತ್ತಿರಲಿಲ್ಲ, ಅಪ್ಪ ಯಾರಿಗೂ ಹೇಳಿರಲಿಲ್ಲ.

ಅಪ್ಪ ಎದ್ದು ರಬ್ಬರ್ ಪೈಪು ತೆಗೆದುಕೊಂಡ. ನನಗೆ ಬಕೆಟ್ಟು ಹಿಡಿಯಲು ಸನ್ನೆ ಮಾಡಿದ. ಪೈಪನ್ನು ಬಾಯಲ್ಲಿಟ್ಟು ಎಳೆದ. ಏನೂ ಬರಲಿಲ್ಲ. ತಳದ ಕೆಸರು ಗಟ್ಟಿಯಾಗಿ ಪೈಪಿನ ಬಾಯಿಗೆ ಅಡ್ಡ ಬಿದ್ದಿರಬೇಕು. ಕೆನ್ನೆ ಒಳಗೆ ಹೋಗುವಂತೆ ಇನ್ನೊಮ್ಮೆ ಎಳೆದ. ಗೊರ್ರ್ ಎಂದು ಒಂದು ಸದ್ದು. ಅಡ್ಡ ನಿಂತದ್ದು ಒಮ್ಮೆಲೇ ಕಳಚಿ, ಪೈಪು ಬಗ್ಗಿಸಲು ಪುರುಸೊತ್ತೇ ಸಿಗದೆ ಎಲ್ಲವೂ ಒಳಗೆ ಹೋಯಿತು.

ಅಪ್ಪ ಪೈಪು ಬಿಟ್ಟು ಕಲ್ಲಿನ ಮೇಲೆ ಕೂತ. ಕೆಮ್ಮಲೂ ಆಗುತ್ತಿರಲಿಲ್ಲ. ಮುಖ ನೀಲಿಗಟ್ಟಿತು. “ಬೆಲ್ಲ ಕೊಡೋ ತಮ್ಮ, ಬೆಲ್ಲ ಕೊಡೋ,” ಎಂದು ಮಾವ ನೀರಿಗೆ ಓಡಿದ. ನಾನು ಇಡೀ ಅಚ್ಚನ್ನೇ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ಬಾಯಿಗೆ ಒಯ್ಯಲಿಲ್ಲ. ಬಿಗಿಹಿಡಿದ ಮುಷ್ಟಿಯೊಳಗೆ ಬೆಲ್ಲ ಬೆವರಿಗೆ ಕರಗಿ ಬೆರಳುಗಳ ಸಂದಿಯಿಂದ ಇಳಿಯುತ್ತಿತ್ತು.

ಅಕ್ಕ ಜಾಡಿಯನ್ನು ಸೊಂಟಕ್ಕಿಟ್ಟುಕೊಂಡು ಬಂದಳು. ಅಪ್ಪನ ತುಟಿಗೆ ಮೆತ್ತಿದ ಕೆಸರು ನೋಡಿದಳು. ಜಾಡಿ ಇಳಿಸಿ, ಸೆರಗಿನಂತೆ ಹೊದ್ದಿದ್ದ ದಾವಣಿಯಿಂದ ಅಪ್ಪನ ಬಾಯಿ ಒರೆಸಿ, ಬೆನ್ನು ಉಜ್ಜಿದಳು. ಮಾವ ಬಸ್ಸು ನಿಲ್ಲಿಸಲು ರಸ್ತೆಗೆ ಓಡಿದ್ದ. ಬಸ್ಸು ಬರುವವರೆಗೆ ಮಾಡುವುದೇನೂ ಇರಲಿಲ್ಲ. ಆಗ ಅಪ್ಪನೇ ಜಾಡಿಯ ಕಡೆ ಕೈ ತೋರಿಸಿದ. ಅಕ್ಕ ಹಲಗೆಯನ್ನು ಜಾಡಿಯ ಬಾಯಿಗೆ ಒತ್ತಿ ಪಂಪು ಎಳೆದಳು. ಹಲಗೆ ಮೊಳೆ ಹೊಡೆದಂತೆ ಕಚ್ಚಿಕೊಂಡಿತು. ಪೈಪಿನಲ್ಲಿ ಕೆಸರು ಡೀಸೆಲ್ ಏರಿ ಏರಿ, ಜಾಡಿಯೊಳಗೆ ದಬದಬ ಬಿತ್ತು. ಉಪ್ಪಿನಕಾಯಿಯ ಇಂಗಿನ ವಾಸನೆಗೆ ಡೀಸೆಲ್ ವಾಸನೆ ಸೇರಿತು. ಟ್ಯಾಂಕು ತಳದವರೆಗೂ ಖಾಲಿಯಾಯಿತು.

ಇಲ್ಲಿ ಎರಡನೇ ಸಲ ತಡೆಯುತ್ತೇನೆ. ನನ್ನ ನೆನಪಿನಲ್ಲಿ ಅಪ್ಪ ಅದನ್ನು ನೋಡಿ, “ಬಂತಲ್ಲವ್ವ,” ಎಂದ. ಅಕ್ಕ ಇಲ್ಲ ಎನ್ನುತ್ತಾಳೆ. ಅಪ್ಪನಿಗೆ ಮಾತಾಡುವಷ್ಟು ಉಸಿರಿರಲಿಲ್ಲ, ಕಣ್ಣೂ ಮುಚ್ಚಿತ್ತು, ಜಾಡಿಯ ಕಡೆ ಅವನು ಕೈ ತೋರಿಸಿದ್ದೂ ಇಲ್ಲ, ಸುಮ್ಮನೆ ಕೂರಲಾರದೆ ತಾನೇ ಪಂಪು ಎಳೆದೆ ಎನ್ನುತ್ತಾಳೆ. ಅವಳು ದೊಡ್ಡವಳಿದ್ದಳು, ಹತ್ತಿರ ಇದ್ದಳು. ಅವಳ ಮಾತನ್ನೇ ನಂಬಬೇಕು. ಆದರೂ ಆ ಒಂದು ಮಾತು ನನ್ನ ಕಿವಿಯಿಂದ ಹೋಗುವುದಿಲ್ಲ.

ಟಿಲ್ಲರನ್ನು ಅಲ್ಲೇ ಬಿಟ್ಟು ಮಾವ ಅಪ್ಪನನ್ನು ದಾವಣಗೆರೆಯ ಬಸ್ಸಿಗೆ ಹತ್ತಿಸಿ, ತಾನೂ ಹತ್ತಿದ. ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ, ಶೆಡ್ಡಿಗೆ ಬರಲಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದ. ಮುಂದಿನ ಸಲ ಕಾಲುವೆಗೆ ನೀರು ಬಿಟ್ಟಾಗ ಅಪ್ಪ ಇರಲಿಲ್ಲ. ಅಪ್ಪನ ತಿಥಿಕಾರ್ಯಕ್ಕೆ ಬಂದ ಬೇರೆ ಬೇರೆ ಊರಿನ ಮೇಸ್ತ್ರಿಗಳು ಜಾಡಿಯ ಸುತ್ತ ನಿಂತು ನೋಡಿದರು. ಭಾಳ ಚಲೋ ಐತೆ ಎಂದರು. ಊರಿಗೆ ಹೋಗಿ ಮತ್ತೆ ಬಾಯಿಯನ್ನೇ ಹಾಕಿದರು. ಅಕ್ಕ ಶಾಲೆ ಬಿಟ್ಟು ಆ ಜಾಡಿ ಇಟ್ಟುಕೊಂಡು ಶೆಡ್ಡು ನಡೆಸಿದಳು. ನಾನು ಓದಿದ್ದು ಅದರಿಂದ.

ಮಕ್ಕಳೇ, ಹೋದ ವಾರ ಕಾರು ಸರ್ವಿಸ್ಸಿಗೆ ಬಿಟ್ಟಾಗ ನೀವೂ ನನ್ನ ಜೊತೆ ಗಾಜಿನಾಚೆ ನಿಂತು ನೋಡಿದಿರಿ. ಕೈಗವಸು ಹಾಕಿದ ಹುಡುಗ ಒಂದು ಯಂತ್ರದ ಪೈಪನ್ನು ಎಂಜಿನ್ನಿಗೆ ಇಳಿಸಿ ಗುಂಡಿ ಒತ್ತಿದ. ಹಳೆಯ ಎಣ್ಣೆ ತಾನಾಗಿ ಏರಿ ಗಾಜಿನ ಡಬ್ಬಕ್ಕೆ ಬಿತ್ತು. ಅವನ ತುಟಿ ಸ್ವಚ್ಛವಾಗಿತ್ತು. ನೀವು ಬೇಜಾರಾಗಿ, ಹೋಗೋಣ ಅಜ್ಜ ಎಂದಿರಿ. ನೀವು ಬಣ್ಣದ ಪೆನ್ಸಿಲ್ಲುಗಳನ್ನು ಹಾಕಿಡುವ ಆ ಹಳೆಯ ಜಾಡಿಯೊಳಗೆ ಒಮ್ಮೆ ಬ್ಯಾಟರಿ ಬಿಟ್ಟು ನೋಡಿ. ತಳದಲ್ಲಿ ಬಳೆಯಂಥ ಒಂದು ಕಂದು ಕಲೆಯಿದೆ, ಎಷ್ಟು ತೊಳೆದರೂ ಹೋಗಿಲ್ಲ. ಆ ದಿನ ಡೀಸೆಲ್ ಜಾಡಿಗೆ ಬಿತ್ತು ಎಂಬುದಕ್ಕೆ ಅದು ಸಾಕ್ಷಿ. ಅಪ್ಪ ಅದನ್ನು ನೋಡಿದ ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ.

ನೀವು ಜ್ಯೂಸಿನ ಡಬ್ಬಿಗೆ ಸ್ಟ್ರಾ ಚುಚ್ಚಿ, ಕೊನೆಯ ಹನಿಯವರೆಗೂ ಗೊರ್ರ್ ಎಂದು ಎಳೆಯುತ್ತೀರಲ್ಲ, ಆಗ ಅಜ್ಜ ಯಾಕೆ ಎದ್ದು ಹೊರಗೆ ಹೋಗುತ್ತಾನೆ ಎಂದು ಕೇಳಿದಿರಿ. ಸಿಟ್ಟಿನಿಂದಲ್ಲ. ನೀವು ಕುಡಿಯಿರಿ. ಸದ್ದು ನಿಂತ ಮೇಲೆ, ನೀವು ಮಾತಾಡುವುದು ಕೇಳಿಸಿದ ಮೇಲೆ, ನಾನು ಒಳಗೆ ಬರುತ್ತೇನೆ.