ಸಿದ್ಧಾರೂಢ ಓಡಾಡಿದ ಬಂಗಲೆ

ತೊಂಬತ್ತೈದರ ಮಳೆಗಾಲದಲ್ಲಿ ಚಿಂಚವಾಡದ ರಸ್ತೆಯಲ್ಲಿ ಸಿದ್ಧಾರೂಢನ ಸ್ಕೂಟರು ಜಾರಿತು. ಕಾರ್ಖಾನೆಯೊಂದರ ಪಂಪು, ಪೈಪುಗಳನ್ನು ನೋಡಿಕೊಂಡಿದ್ದ ಗಟ್ಟಿಮುಟ್ಟಾದ ಆಳು. ಕುತ್ತಿಗೆಯ ಎಲುಬಿಗೆ ಪೆಟ್ಟು ಬಿದ್ದು, ಎದೆಯಿಂದ ಕೆಳಗೆ ಮೈಯಲ್ಲಿ ಸ್ಪರ್ಶಜ್ಞಾನವೇ ಉಳಿಯಲಿಲ್ಲ. ಬಲಗೈ ಅಷ್ಟಿಷ್ಟು ಸರಿಯುತ್ತಿತ್ತು, ತೋರುಬೆರಳನ್ನು ಒತ್ತಲು ಬರುತ್ತಿತ್ತು. ಬಿಬವೇವಾಡಿಯ ಬಾಡಿಗೆ ಮನೆಯಲ್ಲಿ ಗೋಡೆಗೆ ತಾಗಿಸಿ ಮಂಚ ಹಾಕಿ ಅವನನ್ನು ಮಲಗಿಸಿದರು.

ಹೆಂಡತಿ ಶೈಲಶ್ರೀ ಸದಾಶಿವ ಪೇಠದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಬೆಳಿಗ್ಗೆ ಅವನ ಮೈ ಒರೆಸಿ, ಮಗ್ಗುಲು ಬದಲಿಸಿ, ಉಣಿಸಿ, ನೆರೆಮನೆಯವರಿಗೆ ಕೀಲಿಕೈ ಕೊಟ್ಟು ಬಸ್ಸು ಹಿಡಿಯುವಳು. ಸಂಜೆ ಬಂದು ರೇಡಿಯೋ ಹಚ್ಚಲೇ ಎಂದರೆ ಅವನಿಗೆ ಬೇಡ. ಪೇಪರು ಓದಲೇ ಎಂದರೂ ಬೇಡ. ಒಮ್ಮೆ ಮಾತ್ರ, "ಶೈಲಾ, ಈ ಛತ್ತಿನ ಬಿರುಕೆಲ್ಲಾ ನನಗ ಬಾಯಿಪಾಠ ಆಗ್ಯಾವ," ಅಂದ.

ಎರಡು ವರ್ಷ ಹೀಗೇ ಕಳೆದವು. ಕ್ಲಾಸಿಗೆ ಹೊಸ ಯಂತ್ರಗಳು ಬಂದಾಗ ಹಳೆಯದೊಂದನ್ನು ಶೈಲಶ್ರೀ ಮನೆಗೆ ತಂದಳು. ಜೊತೆಗೆ ಕಲಿಸುತ್ತಿದ್ದ ಹರ್ಷದಾ ಒಂದು ಆಟದ ಸೀಡಿ ಕೊಟ್ಟು, ಇದರಲ್ಲಿ ಓಡುವುದು, ಗುಂಡು ಹಾರಿಸುವುದು ಏನೂ ಇಲ್ಲ, ಎಷ್ಟು ಹೊತ್ತು ಸುಮ್ಮನಿದ್ದರೂ ಯಾರೂ ಸಾಯುವುದಿಲ್ಲ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದಳು.

ಸಮುದ್ರದ ನಡುವೆ ಒಂದು ನಡುಗಡ್ಡೆ, ಅದರ ಮೇಲೆ ಜನರಿಲ್ಲದ ಬಂಗಲೆ. ಕಂಪ್ಯೂಟರಿನ ತೆರೆಯ ಮೇಲೆ ಮೌಸು ಒತ್ತಿದ ಕಡೆಗೆ ಒಂದು ಹೆಜ್ಜೆ ಮುಂದೆ. ಮೆಟ್ಟಿಲ ಮೇಲೆ ಒತ್ತಿದರೆ ಮೇಲೆ, ಬಾಗಿಲ ಮೇಲೆ ಒತ್ತಿದರೆ ಒಳಗೆ. ಬಾಗಿಲಿಗೆಲ್ಲ ಬೀಗ, ಒಂದೊಂದು ಬೀಗದ ಹಿಂದೆ ಒಂದೊಂದು ಒಗಟು. ಶೈಲಶ್ರೀ ಮಂಚದ ಮೇಲೆ ಹಲಗೆಯಿಟ್ಟು, ಮೌಸಿನ ಮೇಲೆ ಅವನ ಕೈಯಿಟ್ಟಳು. ಅವನು ಒತ್ತಿದ. ದಂಡೆಯ ಕಲ್ಲುಹಾಸು ಹತ್ತಿರ ಬಂತು. ಮತ್ತೆ ಒತ್ತಿದ. ಆ ಸಂಜೆ ಅವನು ಬಂಗಲೆಯ ಸುತ್ತ ನಡೆದು ಬಂದ. ಅವಳು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು.

ಇಂಗ್ಲಿಷಿನಲ್ಲಿ ಬಂದದ್ದನ್ನು ಅವಳು ಓದಿ ಹೇಳುವಳು, ಬಿಡಿಸುವುದು ಇಬ್ಬರೂ ಸೇರಿ. ಒಂದು ಕಡೆ ನೆಲಮಾಳಿಗೆಯಲ್ಲಿ ನೀರಿನ ಚಕ್ರ ತಿರುಗಿಸಬೇಕಿತ್ತು. ಏನು ಮಾಡಿದರೂ ನೀರು ಬೇರೆ ಕಡೆ ಹರಿದುಹೋಗುತ್ತಿತ್ತು. ಹಲವು ದಿನ ಅಲ್ಲೇ ನಿಂತರು. ಒಂದು ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅವನು ಕರೆದ.

"ಶೈಲಾ, ಮೊದಲ ತಳಗಿನ ವಾಲ್ವ್ ಬಂದ್ ಮಾಡಬೇಕಿತ್ತು. ಗಾಳಿ ಸಿಕ್ಕೊಂಡದ ಅದರಾಗ."

"ಬರೇ ಚಿತ್ರ ಅದು. ಅದರಾಗ ಗಾಳಿ ಎಲ್ಲಿಂದ ಬರಬೇಕ್ರಿ?"

"ಚಿತ್ರ ಬರದಾವಗ ಪಂಪ್ ಗೊತ್ತಿತ್ತು. ನೀ ಒತ್ತಿ ನೋಡು."

ಚಕ್ರ ತಿರುಗಿತು. ಅವನು ನಕ್ಕ. ಆ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಆಟ ಮುಗಿದ ಮೇಲೆ ಅವನಿಗೆ ಬೇಸರವಾಗಬಹುದೆಂದು ಅವಳು ಹೆದರಿದ್ದಳು. ಹಾಗಾಗಲಿಲ್ಲ. ಬೀಗಗಳೆಲ್ಲ ತೆರೆದ ಬಂಗಲೆಯಲ್ಲಿ ಅವನು ದಿನಾಲೂ ಓಡಾಡತೊಡಗಿದ. ಅವನನ್ನು ನೋಡಲು ಗದಗಿನಿಂದ ಬಂದ ತಾಯಿ ಹುಲಿಗೆವ್ವನಿಗೆ, "ಬಾರವ್ವಾ, ಮನಿ ತೋರಸ್ತೀನಿ," ಎಂದು ಕೋಣೆ ಕೋಣೆಗೂ ಕರೆದೊಯ್ದ. ಮುದುಕಿ ಸ್ಟೂಲಿನ ಮೇಲೆ ಕುಳಿತು ಎಲ್ಲ ನೋಡಿದಳು.

"ಇಷ್ಟು ದೊಡ್ಡ ಮನ್ಯಾಗ ದೇವರ ಖೋಲಿನ ಇಲ್ಲಲ್ಲೋ ಯಪ್ಪಾ."

"ಹುಡುಕೀನಿ ಬೇ. ಇಲ್ಲ."

"ಆಗಲಿ. ನೀ ಅಡ್ಡಾಡತಿ, ಅದs ಸಾಕು," ಎಂದು ಅವನ ಪಾದ ಸವರಿದಳು. ಅವನಿಗದು ತಿಳಿಯಲಿಲ್ಲ, ಅವನ ಕಣ್ಣು ತೆರೆಯ ಮೇಲಿತ್ತು.

ಎರಡು ಸಾವಿರದ ಒಂದರ ಚಳಿಗಾಲದಲ್ಲಿ ಮಲಗಿ ಮಲಗಿ ಬೆನ್ನಿಗಾಗಿದ್ದ ಹುಣ್ಣು ಕೀವಾಯಿತು. ಜ್ವರ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅವನ ತೋರುಬೆರಳು ಹಾಸಿಗೆಯ ಮೇಲೆ ಮೆಲ್ಲಗೆ ಒತ್ತುತ್ತಿತ್ತು. ನರಗಳ ಸೆಳೆತ ಎಂದರು ಡಾಕ್ಟರು. ಶೈಲಶ್ರೀ ಬಗ್ಗಿ, "ಎಲ್ಲಿಗೆ ಹೊಂಟೀರಿ?" ಎಂದು ಕೇಳಿದಳು. ಅವನ ಬೆರಳು ಮತ್ತೊಮ್ಮೆ ಒತ್ತಿತು. ಮರುದಿನ ಹೋಗಿಬಿಟ್ಟ.

ಅವಳು ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಳು. ಒಂದು ವರ್ಷದ ಮೇಲೆ ಧೈರ್ಯ ಮಾಡಿ ಗುಂಡಿ ಒತ್ತಿದರೆ ಅದು ಏಳಲೇ ಇಲ್ಲ. ಕ್ಲಾಸಿನ ಹೊಸ ಕಂಪ್ಯೂಟರುಗಳಿಗೆ ಆ ಸೀಡಿ ಹಾಕಿ ನೋಡಿದಳು. ಅವು ಅದನ್ನು ಒಪ್ಪಲಿಲ್ಲ. ಗಂಡನನ್ನು ಸುಟ್ಟಾಗ ಅಳದವಳು ಆ ದಿನ ಕ್ಲಾಸು ಬಿಟ್ಟ ಮೇಲೆ ಖಾಲಿ ಬೆಂಚುಗಳ ನಡುವೆ ಕುಳಿತು ಅತ್ತಳು.

ಹರ್ಷದಾ ಅಷ್ಟರಲ್ಲಿ ಆಟಗಳಿಗೆ ಚಿತ್ರ ಬಿಡಿಸುವ ಕಂಪನಿ ಸೇರಿದ್ದಳು. ಅಲ್ಲಿನ ಹುಡುಗರಲ್ಲಿ ಅರ್ಧದಷ್ಟು ಜನ ಅದೇ ಬಂಗಲೆಯನ್ನು ನೋಡಿ ಈ ಕಸುಬಿಗೆ ಬಂದವರಂತೆ. ಎರಡು ಸಾವಿರದ ಎಂಟರಲ್ಲಿ ಅವಳೇ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ಹಳೆಯ ಆಟವನ್ನು ಹೊಸದಾಗಿ ಮಾಡಿದ್ದಾರೆ, ನೋಡು ಎಂದು ತೆರೆದಿಟ್ಟು, ಚಹಾ ಕುಡಿದು, ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಹೋದಳು.

ಈಗ ನೀರು ನಿಜವಾಗಿಯೂ ಹೊಳೆಯುತ್ತಿತ್ತು. ಶೈಲಶ್ರೀ ಅವನ ಹಾಗೆ ತಡೆತಡೆದು ನಡೆದಳು. ಒಗಟುಗಳೆಲ್ಲ ನೆನಪಿದ್ದವು, ಬಾಗಿಲುಗಳು ಒಂದೊಂದಾಗಿ ತೆರೆದವು. ಮೇಲಿನ ಪಡಸಾಲೆಯ ಕೊನೆಗೆ, ಮೊದಲು ಬರೀ ಗೋಡೆಯಿದ್ದಲ್ಲಿ, ಈಗ ಒಂದು ಸಣ್ಣ ಬಾಗಿಲಿತ್ತು. ಹೊಸದಾಗಿ ಸೇರಿಸಿದ್ದರು. ಒಳಗೆ ಒಂದು ಕುರ್ಚಿ, ತೆರೆದ ತಾರಸಿ, ಕಣ್ಣು ಹರಿಯುವಷ್ಟು ಸಮುದ್ರ.

"ಇಲ್ಲೊಂದು ಖೋಲಿ ಅದ ರೀ," ಅಂದಳು ಜೋರಾಗಿ.

ಆ ಬಂಗಲೆಯಲ್ಲಿ ಅವನು ನೋಡದ್ದು ಅದೊಂದೇ. ಅಲ್ಲಿಂದ ಮುಂದಕ್ಕೆ ಒತ್ತಲು ಅವಳ ಬೆರಳು ಏಳಲಿಲ್ಲ. ಹೊರಗೆ ತರಕಾರಿಯವನು ಕೂಗಿ ಹೋದ. ಅವಳು ಎದ್ದು ಅನ್ನಕ್ಕಿಡದೆ, ಕೋಣೆಯಲ್ಲಿ ಏನೇನಿದೆಯೆಂದು ಸಣ್ಣ ದನಿಯಲ್ಲಿ ಒಂದೊಂದಾಗಿ ಹೇಳುತ್ತ ಕುಳಿತಳು.