ಅತ್ತೆಯ ಇಪ್ಪತ್ತು ನಿಮಿಷದ ಮೌನ

ಹೊಲಿಗೆ ಅಂಗಡಿ ನಡೆಸುವ ನಮ್ಮ ಸೋದರತ್ತೆಯ ಬಾಯಿ ಮುಚ್ಚಿಸುವ ತಾಕತ್ತು ಇರುವುದು ಜೇಡಿಮಣ್ಣಿಗೆ ಮಾತ್ರ. ಪ್ರತಿ ಭಾನುವಾರ ಅದನ್ನು ಬಟ್ಟೆಯಲ್ಲಿ ಸೋಸಿ, ಮೊಸರಲ್ಲಿ ಕಲಸಿ, ಮುಖಕ್ಕೂ ಕೂದಲಿಗೂ ಮೆತ್ತಿಕೊಂಡು ಕೂರುತ್ತಾಳೆ. ಮಾತಾಡಿದರೆ ಲೇಪ ಬಿರುಕು ಬಿಡುತ್ತದೆಂದು ಇಪ್ಪತ್ತು ನಿಮಿಷ ತುಟಿಪಿಟಕ್ಕೆನ್ನುವುದಿಲ್ಲ. ಹೇಳಲು ಹೆದರುವ ಸುದ್ದಿಯನ್ನೆಲ್ಲ ನಾವು ಹೇಳುವುದು ಆಗಲೇ. ನಾನು ಫೇಲಾದದ್ದು, ಮಾವ ಅವಳ ಕತ್ತರಿಯಲ್ಲಿ ತಗಡು ಕತ್ತರಿಸಿದ್ದು, ಎಲ್ಲವನ್ನೂ ಕಣ್ಣು ಕೆಕ್ಕರಿಸಿಕೊಂಡೇ ಕೇಳಿದ್ದಾಳೆ. ಅವಳು ಮುಖ ತೊಳೆಯುವಷ್ಟರಲ್ಲಿ ನಾವು ಬೀದಿಯಲ್ಲಿರುತ್ತೇವೆ.

ಕಳೆದ ಭಾನುವಾರ ದೊಡ್ಡ ಬೋಗುಣಿಯ ತುಂಬ ಮಣ್ಣು ಕಲಸಿದಳು. ಮಾವನ ಮುಖಕ್ಕೂ ನನ್ನ ಮುಖಕ್ಕೂ ದಪ್ಪಗೆ ಬಳಿದಳು, ತಾನು ಮಾತ್ರ ಹಚ್ಚಿಕೊಳ್ಳಲಿಲ್ಲ. ಲೇಪ ಬಿಗಿಯುವವರೆಗೆ ಕಾದು, ಎದುರಿಗೆ ಕುರ್ಚಿ ಎಳೆದುಕೊಂಡು ಹೇಳಿದಳು:

"ನಾಳೆಯಿಂದ ಅಂಗಡೀಲಿ ಗುಂಡಿ ಹೊಲಿಯೋ ಕೆಲಸ ನಿಮ್ಮಿಬ್ರದ್ದು. ಬೇಡ ಅನ್ನೋರು ಈಗಲೇ ಹೇಳಿ."